ಅವರ ಹೆಸರೇನಿತ್ತು ಮೇಡಂ?

ಹಂಪಿಗೆ ನೀವು ಹೋಗಿಯೇ ಇರುತ್ತೀರಿ. ಮದುವೆಯಾದ ಹೊಸದರಲ್ಲಿ, ಇಲ್ಲವೆ ದೂರದ ನೆಂಟರು ಬಂದಾಗ, ಅದೂ ಇಲ್ಲವೆಂದರೆ ಶಾಲೆಯ ಪ್ರವಾಸದಲ್ಲಾದರೂ. ವಿರೂಪಾಕ್ಷನಿಗೆ ಕೈ ಮುಗಿದು, ರಥಬೀದಿಯ ಉದ್ದಕ್ಕೂ ನಡೆದು, ಎದುರು ಬಸವಣ್ಣನನ್ನು ಮುಟ್ಟಿ, "ಇನ್ನು ಸಾಕಪ್ಪ ಬಿಸಿಲು" ಎಂದು ಅಲ್ಲಿಂದಲೇ ಹಿಂದಿರುಗುವವರು ಹೆಚ್ಚು. ಆದರೆ ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತಿ ಮಾತಂಗ ಬೆಟ್ಟದ ಬುಡವನ್ನು ದಾಟಿದರೆ ಆಚೆ ತಗ್ಗಿನಲ್ಲಿ ಅಚ್ಯುತರಾಯನ ಗುಡಿ ಕಾಣುತ್ತದೆ. ಅದರ ಬಾಗಿಲಿನಿಂದ ಉತ್ತರಕ್ಕೆ, ಹೊಳೆಯ ಕಡೆಗೆ ಅಗಲವಾದ ಬೀದಿಯೊಂದು ಹಾಸಿಕೊಂಡಿದೆ. ಎರಡೂ ಬದಿಯಲ್ಲಿ ಕಲ್ಲುಕಂಬಗಳ ಸಾಲು, ನಡುವೆ ಹುಲ್ಲು, ಪಕ್ಕದಲ್ಲೊಂದು ಪುಷ್ಕರಣಿ. ಜನಸಂದಣಿ ಇಲ್ಲದ, ಗಾಳಿ ಆಡುವ, ಕೂತು ಬುತ್ತಿ ಬಿಚ್ಚಬೇಕೆನಿಸುವ ಜಾಗ. ಅದರ ಹೆಸರು ಸೂಳೆ ಬಜಾರ್.

ಹೆಸರು ಕೇಳಿದ ಕೂಡಲೇ ಬಂದವರ ಮುಖ ಬದಲಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗಂಡಸರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನಾವು ಹೆಂಗಸರು ಕಂಬದ ಕೆತ್ತನೆಯನ್ನು ಇದ್ದಕ್ಕಿದ್ದಂತೆ ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗುತ್ತೇವೆ. ಮಕ್ಕಳು "ಹಾಗಂದರೆ ಏನು?" ಎಂದು ಕೇಳುತ್ತಾರೆ, ಉತ್ತರ ಸಿಗುವುದಿಲ್ಲ. ಕೆಲವು ಗೈಡುಗಳು ಮರ್ಯಾದೆಗೆ 'ನರ್ತಕಿಯರ ಬೀದಿ' ಎನ್ನುತ್ತಾರೆ. ಇನ್ನು ಕೆಲವರು ಅಲ್ಲಿಯೇ ತಮ್ಮ ಕಥೆಯ ಚೀಲ ಪೂರ್ತಿ ಬಿಚ್ಚುತ್ತಾರೆ.

ನಾನು ಹರಪನಹಳ್ಳಿಯವಳು. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿನ ಶಾಲೆಗಳಲ್ಲಿ ನೀರು ಕುಡಿದವಳು. ನಮ್ಮ ಭಾಗದ ಶಾಲೆಗಳಿಗೆ ಪ್ರವಾಸವೆಂದರೆ ಮೊದಲು ಹಂಪಿ, ಆಮೇಲೆ ತುಂಗಭದ್ರಾ ಅಣೆಕಟ್ಟು, ಹಣ ಉಳಿದರೆ ಬೇರೆ ಊರು. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲಂತೂ ಹಂಪಿ ನಮ್ಮದೇ ಜಿಲ್ಲೆಯ ಆಸ್ತಿ. ಹೊಸಪೇಟೆಯೊಂದನ್ನು ಬಿಟ್ಟರೆ ಆ ಜಿಲ್ಲೆಯೆಂದರೆ ನಮ್ಮ ಈ ಐದು ತಾಲ್ಲೂಕುಗಳೇ ತಾನೆ?

ಹೀಗೆ ಒಂದು ವರ್ಷ ಪ್ರೌಢಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆವು. ಗೈಡ್ ಚುರುಕಿನ ಮನುಷ್ಯ. ಬಜಾರಿನ ನಡುವೆ ನಿಂತು ಕೈ ಚಾಚಿ ಶುರು ಮಾಡಿದರು. ಇಲ್ಲಿ ಸಾಲಾಗಿ ಕುರ್ಚಿ ಹಾಕಿ ಕೂರುತ್ತಿದ್ದರು, ಮೈತುಂಬ ಮುತ್ತು ರತ್ನ, ಪರ್ಷಿಯಾದ ರಾಯಭಾರಿ ನೋಡಿ ದಂಗಾಗಿಹೋದ, ಇವರ ತೆರಿಗೆಯಿಂದ 12,000 ಪೊಲೀಸರಿಗೆ ಸಂಬಳ ಹೋಗುತ್ತಿತ್ತು. "ಈಗ ಬರೀ ಆಡು ಮೇಯ್ತಾವೆ ನೋಡ್ರಿ ಮೇಡಂ, ನಮ್ ಟೈಮಿಗೆ ಏನೂ ಉಳಿದಿಲ್ಲ" ಎಂದು ಮುಗಿಸಿ ನಕ್ಕರು. ಜೊತೆಗಿದ್ದ ಮೇಷ್ಟ್ರುಗಳೂ ನಕ್ಕರು. ಆಗ ಒಬ್ಬ ಹುಡುಗಿ, ಒಂಬತ್ತನೆಯ ಇಯತ್ತೆಯವಳು, ತರಗತಿಯಲ್ಲಿ ಹೆಚ್ಚು ಮಾತೇ ಆಡದವಳು, ನನ್ನ ಕಡೆ ತಿರುಗಿ, "ಅವರ ಹೆಸರೇನಿತ್ತು ಮೇಡಂ?" ಎಂದಳು. ಗೈಡ್ ಕಡೆ ಅವಳು ನೋಡಲೇ ಇಲ್ಲ.

ಆ ಪ್ರಶ್ನೆ ಇಟ್ಟುಕೊಂಡೇ ಮುಂದೆ ಹಲವು ರಜೆಗಳಲ್ಲಿ ನಾನು ಪುಸ್ತಕ ತಿರುವಿದ್ದು.

ಮೊದಲಿಗೆ ಗೈಡ್ ಹೇಳಿದ್ದರ ಲೆಕ್ಕ. ಅವರು ಹೇಳಿದ ರಾಯಭಾರಿ ಅಬ್ದುರ್ ರಜಾಕ್. ಹೆರಾತಿನ ಸುಲ್ತಾನ ಶಾರುಖನ ಕಡೆಯಿಂದ ಬಂದವನು. ಅವನು ವಿಜಯನಗರ ನೋಡಿದ್ದು 1443ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ. ಅಚ್ಯುತರಾಯನ ಗುಡಿ ಎಂದು ನಾವು ಕರೆಯುವ ತಿರುವೆಂಗಳನಾಥನ ಗುಡಿ ಆಗಿದ್ದು 1534ರಲ್ಲಿ. ಕಟ್ಟಿಸಿದವನು ಅಚ್ಯುತರಾಯನ ಬಾವಮೈದುನ ಹಿರಿಯ ತಿರುಮಲರಾಜ. ಎಂದಮೇಲೆ ರಜಾಕ್ ಬಂದು ಹೋಗಿ 91 ವರ್ಷಕ್ಕೆ ಎದ್ದ ಗುಡಿಯ ಮುಂದಿನ ಬೀದಿಯನ್ನು ಅವನು ಹೇಗೆ ನೋಡಿದ? ಅವನು ಬರೆದದ್ದು ಟಂಕಸಾಲೆಯ ಹಿಂದಿನ ಬೀದಿಯ ವಿಷಯ. ಅದು ಅರಮನೆಯ ಕಡೆಗಿತ್ತು. 300 ಗಜ ಉದ್ದ, 20 ಗಜ ಅಗಲ, ಮನೆಗಳ ಮುಂದೆ ಚೆಂದದ ಕಲ್ಲಿನ ಕಟ್ಟೆ, ಸಿಂಹ, ಹುಲಿ ಮೊದಲಾದ ಮೃಗಗಳ ಪ್ರತಿಮೆ, ಮಧ್ಯಾಹ್ನ ಕಳೆದಮೇಲೆ ಬಾಗಿಲ ಮುಂದೆ ಆಸನ ಹಾಕಿ ಕೂರುವ ಹೆಂಗಸರು, ಒಬ್ಬೊಬ್ಬರಿಗೂ ಒಬ್ಬಿಬ್ಬರು ದಾಸಿಯರು. ನಮ್ಮ ಕಾಲಡಿಯ ಬೀದಿ ಮಾತ್ರ ಗುಡಿಯ ಮುಂದಿನ ರಥಬೀದಿ, ಪೇಟೆ. ಕಂಬದ ಸಾಲುಗಳು ಅಂಗಡಿಗಳದ್ದು. ವಿಜಯನಗರದಲ್ಲಿ ದೊಡ್ಡ ಗುಡಿ ಕಟ್ಟಿದಲ್ಲೆಲ್ಲ ಹೀಗೊಂದು ಬಜಾರು ಇರುತ್ತದೆ, ವಿಠ್ಠಲನ ಮುಂದೆಯೂ ಇದೆ, ಕೃಷ್ಣನ ಮುಂದೆಯೂ ಇದೆ. ಅಲ್ಲೆಲ್ಲ ಗುಡಿಯ ಹೆಸರು ನಿಂತಿತು, ಇಲ್ಲಿ ಈ ಹೆಸರು ನಿಂತಿತು. ಗುಡಿಯ ಸೇವೆಗೆ ಕುಣಿಯುವ ಹೆಂಗಸರು ಅಕ್ಕಪಕ್ಕದಲ್ಲಿ ಮನೆ ಮಾಡಿಕೊಂಡಿದ್ದಿರಬಹುದು. ಹೇಗೂ ಗೈಡುಗಳು ಟಂಕಸಾಲೆಯ ಬೀದಿಯನ್ನು ಎತ್ತಿ ತಂದು ಇಲ್ಲಿಟ್ಟಿದ್ದಾರೆ, ಪ್ರವಾಸಿಗರು ಹಣ ಕೊಟ್ಟು ಕೇಳುತ್ತಿದ್ದಾರೆ.

ಆ 12,000ದ ಮಾತು ಮಾತ್ರ ರಜಾಕನದೇ. ನಗರ ಕಾಯುವ 12,000 ಕಾವಲುಗಾರರು, ಅವರಿಗೆ ದಿನಕ್ಕೆ 12,000 ಪಣ ಸಂಬಳ, ಅದು ಈ ಹೆಂಗಸರ ಮನೆಗಳ ಆದಾಯದಿಂದ ಹುಟ್ಟುತ್ತಿತ್ತು ಎಂದು ಅವನು ಕೇಳಿ ಬರೆದಿದ್ದಾನೆ. ಗೈಡ್ ಇದನ್ನು ತಮಾಷೆಗೆ ಹೇಳಿದರು. ಸ್ವಲ್ಪ ನಿಂತು ಯೋಚಿಸಿದರೆ ನಗು ಬರುವುದಿಲ್ಲ. ರಾತ್ರಿ ಹೊತ್ತು ಇಡೀ ಪಟ್ಟಣದ ಗೃಹಸ್ಥರು ಕಳ್ಳರ ಭಯವಿಲ್ಲದೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದುದಕ್ಕೆ ಹಣ ತೆತ್ತವರು ಯಾರು ಎಂಬುದು ಅಲ್ಲಿ ಬರೆದಿದೆ. ಆ ಗೃಹಸ್ಥರ ಬಾಯಿಯಿಂದಲೇ ಆ ಪದ ಬೈಗುಳವಾಗಿ ನಮ್ಮವರೆಗೂ ಬಂದಿದೆ.

ರಜಾಕನ ನಂತರ ಬಂದವನು ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್. ಸುಮಾರು 1520, ಕೃಷ್ಣದೇವರಾಯನ ಕಾಲ. ಅವನೂ ಈ ಗುಡಿಗಿಂತ ಮೊದಲಿನವನೇ. ಅವನು ಗುಡಿಗೆ ಸೇರಿದ ಹೆಂಗಸರನ್ನು ಕಂಡು ಬರೆದದ್ದರಲ್ಲಿ ಮೂರು ಮಾತು ನನ್ನನ್ನು ಹಿಡಿದು ನಿಲ್ಲಿಸಿದವು. ಊರಿನ ಒಳ್ಳೆಯ ಬೀದಿಗಳಲ್ಲಿ ಒಳ್ಳೆಯ ಮನೆಗಳ ಸಾಲು ಅವರದ್ದೇ ಎನ್ನುವುದು ಒಂದು. ಅವರು ರಾಣೀವಾಸದೊಳಗೆ ಹೋಗಿ ರಾಣಿಯರ ಜೊತೆ ಕೂತು ವೀಳ್ಯ ಹಾಕಿಕೊಳ್ಳಬಹುದು, ಎಷ್ಟೇ ದೊಡ್ಡವರಾದರೂ ಬೇರೆಯವರಿಗೆ ಅದು ಇಲ್ಲ ಎನ್ನುವುದು ಇನ್ನೊಂದು. ಒಬ್ಬಾಕೆಯ ಹತ್ತಿರ 1 ಲಕ್ಷ ವರಹ ಇದೆಯಂತೆ, ಮಹಾನವಮಿಯಲ್ಲಿ ಅವರ ಒಡವೆ ನೋಡಿದಮೇಲೆ ನಾನು ಅದನ್ನು ನಂಬುತ್ತೇನೆ ಎನ್ನುವುದು ಮೂರನೆಯದು. ನಾವು ಪರರ ಮನೆಗೆ ಹೋದರೆ ಎಲೆಅಡಿಕೆ ಕೊಡುವಾಗ ಯಾರಿಗೆ ಕೈಗೆ ಕೊಡುತ್ತಾರೆ, ಯಾರಿಗೆ ಮುಂದಿಡುತ್ತಾರೆ ಎಂದು ಗಮನಿಸುವ ಜನ. ರಾಣಿಯ ಜೊತೆ ಎಲೆ ಮೆಲ್ಲುವುದೆಂದರೆ ಏನೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದನ್ನೇ ಹಿಡಿದು, "ಆಹಾ, ಎಂಥ ಗೌರವದ ಕಾಲ" ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲಕ್ಷ ವರಹದವಳು ಒಬ್ಬಳು. ಬಾಗಿಲ ಕಟ್ಟೆಯ ಮೇಲೆ ಕೂತವರು ಎಷ್ಟು ಜನ? ಪಾಯಸನ ನಂತರ ಬಂದ ನೂನಿಜ್ ಅರಮನೆಯೊಳಗೆ ಕುಸ್ತಿ ಆಡುವ, ಜ್ಯೋತಿಷ್ಯ ಹೇಳುವ, ಖರ್ಚಿನ ಲೆಕ್ಕ ಬರೆಯುವ ಹೆಂಗಸರಿದ್ದರೆಂದು ಬರೆಯುತ್ತಾನೆ. ಲೆಕ್ಕ ಬರೆಯುವ ಕೈಗಳಿದ್ದವು, ಆದರೆ ಆ ಕೈಗಳು ತಮ್ಮ ವಿಷಯ ಬರೆದ ಒಂದು ಓಲೆಯೂ ನಮ್ಮ ಕೈಗೆ ಸಿಕ್ಕಿಲ್ಲ. ನಾವು ಓದುವುದೆಲ್ಲ ಬಂದುಹೋದ ಗಂಡಸರು ಬರೆದದ್ದು. ಅವರಲ್ಲಿ ಯಾರೂ ನನ್ನ ಹುಡುಗಿ ಕೇಳಿದ ಪ್ರಶ್ನೆ ಕೇಳಲಿಲ್ಲ.

ಒಂದೇ ಒಂದು ಕಡೆ ಪಾಯಸ್ ಹೆಸರಿನ ಹತ್ತಿರ ಬರುತ್ತಾನೆ. ಕೃಷ್ಣದೇವರಾಯನ ಮೂವರು ಮುಖ್ಯ ರಾಣಿಯರಲ್ಲಿ ಒಬ್ಬಳು ಒರಿಸ್ಸಾದ ದೊರೆಯ ಮಗಳು, ಒಬ್ಬಳು ಶ್ರೀರಂಗಪಟ್ಟಣದವಳು, ಮೂರನೆಯವಳು ಗಣಿಕೆ. ಪಟ್ಟಕ್ಕೆ ಬರುವ ಮೊದಲೇ ಅವರ ಸ್ನೇಹವಿತ್ತಂತೆ. ದೊರೆಯಾದರೆ ನನ್ನನ್ನು ಮದುವೆಯಾಗಬೇಕು ಎಂದು ಆಕೆ ಮಾತು ತೆಗೆದುಕೊಂಡಿದ್ದಳಂತೆ, ಅವನು ನಡೆಸಿಕೊಟ್ಟನಂತೆ. ಆಕೆಯ ಮೇಲಿನ ಪ್ರೀತಿಗೆ ದೊರೆ ಈ ಹೊಸ ಪಟ್ಟಣ ಕಟ್ಟಿಸಿದ, ಅದರ ಹೆಸರು... ಎಂದು ಬರೆದು ಪಾಯಸ್ ಮುಂದೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾನೆ! ಆಮೇಲೆ ವಿಚಾರಿಸಿ ತುಂಬೋಣ ಎಂದುಕೊಂಡು ಮರೆತಿರಬೇಕು. ಆ ಹೊಸ ಪಟ್ಟಣವೇ ನಮ್ಮ ಹೊಸಪೇಟೆ, ಹಿಂದಿನ ನಾಗಲಾಪುರ. ನೂನಿಜ್ ದೊರೆಯ ಪ್ರೇಯಸಿಯ ಹೆಸರು ಚಿನ್ನಾದೇವಿ ಎನ್ನುತ್ತಾನೆ. ನಮ್ಮ ಕಡೆ ಎಲ್ಲರೂ ಹೇಳುವುದು, ಪಠ್ಯದಲ್ಲಿ ನಾವೂ ಹೇಳಿಕೊಡುವುದು ಬೇರೆ: ದೊರೆ ತನ್ನ ತಾಯಿ ನಾಗಲಾಂಬಿಕೆಯ ಹೆಸರಿನಲ್ಲಿ ಕಟ್ಟಿಸಿದ ಊರು ಎಂದು. ನಾಗಲಾಪುರ ಎಂಬ ಹೆಸರಿಗೆ ತಾಯಿಯ ಕಥೆಯೇ ಸರಿಯಾಗಿ ಹೊಂದುತ್ತದೆ, ಒಪ್ಪೋಣ. ಆದರೂ ಕೂಡ್ಲಿಗಿಯಿಂದ ಹೊಸಪೇಟೆಗೆ ಬಟ್ಟೆ ಕೊಳ್ಳಲು ಬಸ್ಸು ಹತ್ತುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ಎರಡನೆಯ ಕಥೆ ಗೊತ್ತಿದೆ?

ಹೆಸರು ಸಿಗುವುದು ಇನ್ನೂ ಹಿಂದೆ ಹೋದರೆ. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಒಂದು ಕಂಬದ ಮೇಲೆ ಹಳಗನ್ನಡದ ಶಾಸನವಿದೆ. ಚಾಲುಕ್ಯ ದೊರೆ ವಿಜಯಾದಿತ್ಯ (696–733) ಆಳುತ್ತಿದ್ದ ಕಾಲದ್ದು. ಅವನ ಪ್ರಾಣವಲ್ಲಭೆ ವಿನಾಪೋಟಿ ಅಲ್ಲಿಯ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರ, ಭೂಮಿ ಕೊಟ್ಟಳೆಂದು ಬರೆದಿದೆ. ಅದೇ ಶಾಸನ ಆಕೆಯನ್ನು ಸೂಳೆ ಎಂದೂ ಕರೆಯುತ್ತದೆ, ಬೈಗುಳದ ಸೋಂಕಿಲ್ಲದೆ, ಗೌಡ, ಸೆಟ್ಟಿ ಎಂದಷ್ಟೇ ಸಲೀಸಾಗಿ. ಆಕೆ ಯಾರ ಮಗಳು? ಕುಚಿಪೋಟಿಯ ಮಗಳು. ಕುಚಿಪೋಟಿ ಯಾರ ಮಗಳು? ರೇವಮಂಚಳ ಮಗಳು. ಮಗಳು, ತಾಯಿ, ಅಜ್ಜಿ, ಮೂವರ ಹೆಸರೂ ಕಲ್ಲಿನಲ್ಲಿದೆ. ತಂದೆಯ ಹೆಸರು ಅಲ್ಲಿಲ್ಲ. ಇಲ್ಲವೆಂದು ಶಾಸನ ಸಂಕೋಚಪಟ್ಟುಕೊಂಡಂತೆಯೂ ಕಾಣುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಸೂಳೆ ಸಂಕವ್ವೆ ಎಂಬ ವಚನಕಾರ್ತಿ ಇದ್ದಳು. ಉಳಿದಿರುವುದು ಒಂದೇ ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ಅಂಥ ಅಂಕಿತ ಆರಿಸಿಕೊಳ್ಳಲು ಎದೆ ಎಷ್ಟು ಗಟ್ಟಿ ಇರಬೇಕು! ಆ ಪದವನ್ನು ಅವಳು ತನ್ನ ಹೆಸರಿನ ಮುಂದಿನಿಂದ ತೆಗೆಯಲಿಲ್ಲ. ತೆಗೆದವರು ನಾವು. ಚನ್ನಗಿರಿ ಹತ್ತಿರದ ಸೂಳೆಕೆರೆಗೆ ಶಾಂತಿಸಾಗರ ಎಂದು ಹೆಸರಿಟ್ಟು ಸಮಾಧಾನಪಟ್ಟೆವು. ಜನ ಇವತ್ತಿಗೂ ಸೂಳೆಕೆರೆ ಎಂದೇ ಅನ್ನುತ್ತಾರೆ, ಅದು ಬೇರೆ ಮಾತು.

ಇಷ್ಟು ಹೇಳಿ ಇಲ್ಲಿಗೇ ನಿಲ್ಲಿಸಿದರೆ ಹಂಪಿಯ ಕಥೆ ಚೆಂದವಾಗಿ ಮುಗಿಯುತ್ತದೆ. ಆದರೆ ಆ ಹುಡುಗಿ ಪ್ರಶ್ನೆ ಕೇಳಿದ್ದು ಹಂಪಿಗಾಗಿ ಮಾತ್ರ ಅಲ್ಲ. ಅವಳ ಊರು ಯಾವುದು, ತಾಯಿ ಯಾರು ಎಂದು ನನಗೆ ಗೊತ್ತಿತ್ತು. ತಾಯಿಯ ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರವಿತ್ತು.

ನಮ್ಮ ತಾಲ್ಲೂಕುಗಳಲ್ಲಿ ಇದನ್ನು ಮುತ್ತು ಕಟ್ಟುವುದು ಎನ್ನುತ್ತಾರೆ, ಬಸವಿ ಬಿಡುವುದು ಎನ್ನುತ್ತಾರೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು ಅವಳನ್ನೇ ಗಂಡುಮಗನೆಂದು ಇಟ್ಟುಕೊಳ್ಳುವ ಪದ್ಧತಿ ಬಳ್ಳಾರಿ ಸೀಮೆಯಲ್ಲಿತ್ತೆಂದು ಬ್ರಿಟಿಷ್ ಅಧಿಕಾರಿಗಳು ನೂರು ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದಾರೆ. ಹಾಗೆ ಬಿಟ್ಟವಳಿಗೆ ತಂದೆಯ ಆಸ್ತಿಯಲ್ಲಿ ಗಂಡುಮಗನ ಹಕ್ಕು, ಅವಳ ಮಕ್ಕಳು ಅವಳ ತವರಿನ ಹೆಸರಿಗೆ. ಕೇಳಲು ಒಳ್ಳೆಯದಾಗಿಯೇ ಇದೆ. ಆದರೆ ಆಸ್ತಿಯೇ ಇಲ್ಲದ ಮನೆಯಲ್ಲಿ ಈ ಹಕ್ಕು ಯಾತಕ್ಕೆ ಬಂತು? ಮುತ್ತು ಕಟ್ಟಿಸಿಕೊಂಡವರು ಹೆಚ್ಚಿನವರು ಹೊಲವಿಲ್ಲದ ದಲಿತರ ಮನೆಯ ಹುಡುಗಿಯರು. ಗಂಡುಮಗನ ಹಕ್ಕು ಹೋಗಿ ಗಂಡುಮಗನ ಭಾರ ಮಾತ್ರ ಅವರ ತಲೆಗೆ ಉಳಿಯಿತು. ಮುಪ್ಪಿನ ತಂದೆತಾಯಿಯನ್ನು ಸಾಕಬೇಕು, ತಮ್ಮಂದಿರ ಮದುವೆ ಮಾಡಬೇಕು, ಬಂದವನು ಕೊಟ್ಟಷ್ಟು ದಿನ ತೆಗೆದುಕೊಳ್ಳಬೇಕು, ಬಿಟ್ಟುಹೋದರೆ ಕೇಳುವ ಹಾಗಿಲ್ಲ. ಕೂದಲು ಜಡೆಗಟ್ಟಿತು ಎಂದು, ಮನೆಯಲ್ಲಿ ಕಾಯಿಲೆ ಎಂದು, ಹೇಳಿಕೆಯಾಯಿತು ಎಂದು ಕಟ್ಟಿದ್ದೂ ಉಂಟು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಈ ಕಾರ್ಯ ನಡೆಯುತ್ತಿತ್ತು. ಅದನ್ನು ತಡೆಯಲು ಅಧಿಕಾರಿಗಳು, ಪೊಲೀಸರು ಬೆಟ್ಟಕ್ಕೆ ಹೋಗಿ ಕಾಯುವಂತಾಯಿತು.

ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಸಿನಿಮಾ ಮಾಡಿದರಲ್ಲ, ಕಲ್ಪನಾ ಅಭಿನಯಕ್ಕೆ ಅಳದ ನಮ್ಮ ಅಮ್ಮಂದಿರೇ ಇರಲಿಲ್ಲ. ಅಲ್ಲಿ ಸಂಗೀತವಿದೆ, ಒಳ್ಳೆಯ ಸೀರೆಯಿದೆ. ನಮ್ಮ ಹಳ್ಳಿಗಳಲ್ಲಿ ಸಂಗೀತವೂ ಇಲ್ಲ, ಸೀರೆಯೂ ಇಲ್ಲ. ಬೆಳಗಾದರೆ ಕೂಲಿಗೆ ಹೋಗಬೇಕು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಗುಳೆ ಹೋಗಬೇಕು. ಹಂಪಿಯ ಲಕ್ಷ ವರಹದವಳನ್ನೂ ಇವರನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವುದು ಗೈಡುಗಳು ಮಾತ್ರ ಮಾಡುವ ಕೆಲಸವಲ್ಲ, ಓದಿದವರೂ ಮಾಡುತ್ತಾರೆ.

ಕಾನೂನಿಗೇನೂ ಕಡಿಮೆಯಾಗಿಲ್ಲ. ನಮ್ಮ ತಾಲ್ಲೂಕುಗಳು ಮದ್ರಾಸಿನ ಆಡಳಿತದಲ್ಲಿದ್ದಾಗಲೇ, 1947ರಲ್ಲಿ, ಅಲ್ಲಿಯ ದೇವದಾಸಿ ತಡೆ ಕಾಯ್ದೆ ಬಂತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಕರ್ನಾಟಕ 1982ರಲ್ಲಿ ಮತ್ತೆ ತನ್ನದೇ ಕಾಯ್ದೆ ಮಾಡಿತು. ಎರಡು ಕಾಯ್ದೆಯಾದ ಮೇಲೂ ರಾಜ್ಯ ಸರ್ಕಾರ 1993–94ರಲ್ಲಿ ಒಮ್ಮೆ, 2007–08ರಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿದಾಗ ಪಟ್ಟಿಯಲ್ಲಿ ಬಂದವರು ಒಟ್ಟು 46,660 ಹೆಂಗಸರು. ಮಾಸಾಶನ, ಮನೆ, ಸಾಲ ಎಂದು ಯೋಜನೆಗಳು ಬಂದವು. ಸಂಘ ಕಟ್ಟಿಕೊಂಡು ತಾಲ್ಲೂಕು ಕಚೇರಿಯ ಮುಂದೆ ಕೂತು ಕೇಳುವುದನ್ನು ಈ ಹೆಂಗಸರು ಕಲಿತರು. ಇದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದೆ. ಜೋಗತಿ ಎಂಬ ಪದವೂ ಒಂದು ಕಾಲಕ್ಕೆ ಕೀಳಾಗಿತ್ತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅದನ್ನೇ ಹೆಸರಾಗಿ ಇಟ್ಟುಕೊಂಡು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು.

2025ರಲ್ಲಿ ವಿಧಾನಮಂಡಲ ಇನ್ನೊಂದು ಮಸೂದೆ ಒಪ್ಪಿತು. ದೇವದಾಸಿಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದಿಲ್ಲ, ಬೇಕೆಂದರೆ ತಂದೆ ಯಾರೆಂದು ತೀರ್ಮಾನಿಸಿಕೊಡಿ ಎಂದು ಕೇಳಬಹುದು ಎಂದು ಅದರಲ್ಲಿದೆ. ಸುದ್ದಿ ಓದಿದಾಗ ನನಗೆ ನೆನಪಾದದ್ದು ಶಾಲೆಯ ದಾಖಲಾತಿ ರಿಜಿಸ್ಟರು. ಆ ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕದಲ್ಲಿ ತಂದೆಯ ಹೆಸರಿನ ಕಾಲಂ ಹೇಗೆ ತುಂಬುತ್ತಿತ್ತು ಎಂದು ನಮ್ಮ ಭಾಗದ ಹಳೆಯ ಶಿಕ್ಷಕರನ್ನು ಕೇಳಿ ನೋಡಿ. ಕೆಲವರು ಸೋದರಮಾವನ ಹೆಸರು ಬರೆಯುತ್ತಿದ್ದರು, ಕೆಲವರು ಅಜ್ಜನದು, ಕೆಲವರು ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಎಳೆದ ಮಕ್ಕಳಿಗೆ ಮುಂದೆ ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ವರ್ಗಾವಣೆ ಪತ್ರ, ಎಲ್ಲ ಕಡೆ ಅದೇ ಗೆರೆ ಅಡ್ಡ ನಿಲ್ಲುತ್ತಿತ್ತು.

ಈ ಮಸೂದೆಗೆ ಬಹಳ ವರ್ಷ ಮೊದಲು, ಜೂನ್ ತಿಂಗಳ ಒಂದು ಬೆಳಿಗ್ಗೆ, ಮುಂದೆ ಹಂಪಿಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿಯನ್ನು ನಮ್ಮ ಶಾಲೆಗೆ ಸೇರಿಸಲು ಅವಳ ತಾಯಿ ಕರೆತಂದಿದ್ದಳು. ಹಿಂದಿನ ಶಾಲೆಯ ಕಾಗದದಲ್ಲಿ ಗೆರೆ ಇತ್ತು. ನಾನು ಪೆನ್ನು ಹಿಡಿದು ಆ ಕಾಲಂಗೆ ಬಂದು ತಲೆಯೆತ್ತಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು.

"ನನ್ ಹೆಸರು ಬರೀರಿ ಅಕ್ಕೋರೆ," ಎಂದಳು. ಬರೆದೆ. ಆಮೇಲೆ ಬಾಗಿ ಪುಸ್ತಕ ನೋಡಿ, ಓದು ಬಾರದಿದ್ದರೂ ಬೆರಳಿಟ್ಟು, "ಇಲ್ಲಿ ಇನ್ನೂ ಜಾಗ ಐತಲ್ರೀ, ನಮ್ಮವ್ವನ ಹೆಸರೂ ಬರೀರಿ. ಆಕೀನೇ ಸಾಕ್ಯಾಳ" ಎಂದಳು.

ಕಾಲಂ ಚಿಕ್ಕದು. ಅಕ್ಷರ ಸಣ್ಣದು ಮಾಡಿ ಎರಡೂ ಹೆಸರು ಕೂರಿಸಿದೆ. ಆ ವರ್ಷ ತಪಾಸಣೆಗೆ ಬಂದವರು ಅದರ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೋದರು. ನಾನು ಅಲ್ಲಿಂದ ವರ್ಗವಾಗುವವರೆಗೂ ಹೆಸರುಗಳೂ ಇದ್ದವು, ಚಿಹ್ನೆಯೂ ಇತ್ತು.